ರೇ ಬ್ರೂಕ್: ಕ್ರೀಡಾಗ್ರಾಮವೆಂದು ತೆರೆದುಕೊಂಡ ಸೆರೆಮನೆ, ಮತ್ತು ಬೇಲಿಯ ಒಳಗಿರುವವರು

ಹಿಮದೂರು (ಅಲ್ಬನಿ)

ಕಳೆದ ಶನಿವಾರ ಮಕ್ಕಳಿಗೆ ಸ್ಕೇಟಿಂಗ್ ಆಡಿಸಲೆಂದು ಲೇಕ್ ಪ್ಲಾಸಿಡ್‌ಗೆ ಹೋಗಿದ್ದೆವು. 1932 ಮತ್ತು 1980ರಲ್ಲಿ ಎರಡು ಸಲ ಚಳಿಗಾಲದ ಒಲಿಂಪಿಕ್ಸ್ ನಡೆದ ಪುಟ್ಟ ಊರು ಅದು. ಎರಿಕ್ ಹೈಡನ್ ಐದು ಚಿನ್ನದ ಪದಕ ಗೆದ್ದದ್ದು ಅಲ್ಲಿನ ಪ್ರೌಢಶಾಲೆಯ ಎದುರಿನ ಅಂಗಳದಲ್ಲಿ. ಅಮೆರಿಕದ ಕಾಲೇಜು ಹುಡುಗರು ಸೋವಿಯತ್ ಹಾಕಿ ತಂಡವನ್ನು 4–3ರಿಂದ ಸೋಲಿಸಿದ್ದೂ ಆ ಊರಿನಲ್ಲೇ. ಮಕ್ಕಳನ್ನು ಆಡಿಸಿ, ಊಟ ಮುಗಿಸಿ, ಸಾರನಾಕ್ ಲೇಕ್ ಕಡೆಗೆ 86ನೇ ಹೆದ್ದಾರಿ ಹಿಡಿದು ಸ್ವಲ್ಪ ದೂರ ಬಂದಿದ್ದೆವು. ಮರಗಳ ನಡುವೆ ಒಂದು ಫಲಕ ಕಾಣಿಸಿತು: ಫೆಡರಲ್ ಕರೆಕ್ಷನಲ್ ಇನ್‌ಸ್ಟಿಟ್ಯೂಷನ್, ರೇ ಬ್ರೂಕ್.

ಆ ಸೆರೆಮನೆಯೇ 1980ರ ಫೆಬ್ರುವರಿಯಲ್ಲಿ ಒಲಿಂಪಿಕ್ ಕ್ರೀಡಾಗ್ರಾಮವಾಗಿತ್ತು ಎಂದು ನನಗೆ ಮನೆಗೆ ಬಂದ ಮೇಲೆ ತಿಳಿಯಿತು. ಕ್ರೀಡಾಗ್ರಾಮವನ್ನು ಆಮೇಲೆ ಸೆರೆಮನೆಯಾಗಿ ಮಾರ್ಪಡಿಸಿದರು ಎಂದು ಅಂದುಕೊಳ್ಳಬೇಡಿ. ಅದನ್ನು ಸೆರೆಮನೆಯಾಗಿಯೇ ಯೋಜಿಸಿ ಕಟ್ಟಿದರು, ಮೊದಲ ಎರಡು ವಾರ ಕ್ರೀಡಾಪಟುಗಳಿಗೆ ಬಿಟ್ಟುಕೊಟ್ಟರು. ಆಟ ಮುಗಿದ ಮೇಲೆ ಕಟ್ಟಡಕ್ಕೆ ಶಾಶ್ವತ ಉಪಯೋಗವಿರಬೇಕು ಎಂಬುದು ಅಮೆರಿಕ ಸಂಸತ್ತು ಹಣ ಕೊಡುವಾಗ ಹಾಕಿದ ಷರತ್ತು. ಆ ಷರತ್ತನ್ನು ಪೂರೈಸಲು ಮುಂದೆ ಬಂದ ಇಲಾಖೆ ಬಂದೀಖಾನೆಯದು. 1972ರ ಮ್ಯೂನಿಕ್‌ನಲ್ಲಿ 11 ಮಂದಿ ಇಸ್ರೇಲಿ ಕ್ರೀಡಾಳುಗಳು ಮತ್ತು ತರಬೇತುದಾರರ ಹತ್ಯೆಯಾಗಿತ್ತು. ಊರಿನಿಂದ ದೂರ, ಸುತ್ತ ಬೇಲಿ, ಒಂದೇ ಬಾಗಿಲು ಎಂಬ ನಕ್ಷೆ ಭದ್ರತೆಯ ದೃಷ್ಟಿಯಿಂದಲೂ ಎಲ್ಲರಿಗೂ ಒಪ್ಪಿಗೆಯಾಯಿತು. ಕೋಣೆಗಳು ಇಕ್ಕಟ್ಟಾಗಿವೆ ಎಂದು ಹಲವು ದೇಶಗಳ ತಂಡಗಳು ದೂರಿದ್ದವಂತೆ.

"ಅಪ್ಪ, ಆಟಗಾರರು ಮಲಗಿದ್ದ ಕೋಣೆಯಲ್ಲೇ ಈಗ ಕೈದಿಗಳು ಮಲಗುತ್ತಾರೆಯೇ?" ಎಂದು ಮಗಳು ಕೇಳಿದಳು. ಹೌದು ಎಂದೆ. "ಆಟಗಾರರು ಎರಡು ವಾರ ಇದ್ದರು, ಇವರು ಎಷ್ಟು ದಿನ ಇರುತ್ತಾರೆ?" ಎಂದಳು. ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮಧ್ಯಮ ಭದ್ರತೆಯ ಫೆಡರಲ್ ಸೆರೆಮನೆ ಎಂದರೆ ನಿಜವಾಗಿ ಏನು? ಒಳಗೆ ಯಾರಿರುತ್ತಾರೆ, ಅವರ ದಿನ ಹೇಗೆ ಕಳೆಯುತ್ತದೆ? ತಿಳಿದವರು ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.


ನ್ಯೂಜೆರ್ಸಿ ವಕೀಲ

ಒಳ್ಳೆಯ ಎಳೆ ಆರಂಭಿಸಿದ್ದೀರಿ. ರೇ ಬ್ರೂಕ್ ಬಗ್ಗೆ ಒಂದು ವಿಷಯ ಸೇರಿಸುತ್ತೇನೆ. ಅದನ್ನು ಕಟ್ಟುವಾಗಲೇ ವಿರೋಧವಿತ್ತು. 'ಸ್ಟಾಪ್ ದಿ ಒಲಿಂಪಿಕ್ ಪ್ರಿಸನ್' ಎಂಬ ಗುಂಪು ಒಂದು ಭಿತ್ತಿಚಿತ್ರ ಹೊರತಂದಿತು: ಬೂದು ಬಣ್ಣದ ಕಂಬಿಗಳು, ಅವುಗಳ ಸಂದಿಯಿಂದ ಹೊರಚಾಚಿದ ಮುಂಗೈ, ಆ ಕೈಯಲ್ಲಿ ಉರಿಯುತ್ತಿರುವ ಒಲಿಂಪಿಕ್ ಪಂಜು. ಅಮೆರಿಕದ ಒಲಿಂಪಿಕ್ ಸಮಿತಿ ತನ್ನ ಲಾಂಛನದ ದುರ್ಬಳಕೆಯಾಗಿದೆ ಎಂದು ತಕರಾರು ತೆಗೆಯಿತು. 1980ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಭಿತ್ತಿಚಿತ್ರದ ಪರವಾಗಿ ತೀರ್ಪು ಕೊಟ್ಟಿತು. ವಾಕ್ ಸ್ವಾತಂತ್ರ್ಯ ಮತ್ತು ಟ್ರೇಡ್‌ಮಾರ್ಕ್ ಕಾನೂನು ಮುಖಾಮುಖಿಯಾಗುವ ಪಾಠಗಳಲ್ಲಿ ಈ ಪ್ರಕರಣ ಇಂದಿಗೂ ಬರುತ್ತದೆ.

ವಿರೋಧಿಗಳ ವಾದದಲ್ಲಿ ನನಗೆ ಮುಖ್ಯವೆನಿಸುವುದು ದೂರದ ಮಾತು. ನ್ಯೂಯಾರ್ಕ್ ನಗರದ ಬಡ ಕೇರಿಗಳ ಹುಡುಗರನ್ನು ಕೆನಡಾ ಗಡಿಯ ಹತ್ತಿರದ ಕಾಡಿಗೆ ಒಯ್ದು ಇಟ್ಟರೆ ಅವರ ತಾಯಂದಿರು ನೋಡಲು ಬರುವುದಾದರೂ ಹೇಗೆ ಎಂದು ಅವರು ಆಗಲೇ ಕೇಳಿದ್ದರು. ಕಾರಿಲ್ಲದ ಕುಟುಂಬಕ್ಕೆ ಅದು ಇಂದಿಗೂ ಎರಡು ದಿನದ ಪ್ರಯಾಣ.

ಇನ್ನು ಭದ್ರತೆಯ ಮಟ್ಟಗಳು. ಫೆಡರಲ್ ಬಂದೀಖಾನೆ ಇಲಾಖೆ 1930ರಲ್ಲಿ ಸ್ಥಾಪನೆಯಾದದ್ದು, ನ್ಯಾಯಾಂಗ ಖಾತೆಯ ಅಡಿಯಲ್ಲಿದೆ. ಶಿಬಿರ, ಕಡಿಮೆ, ಮಧ್ಯಮ, ಗರಿಷ್ಠ ಎಂದು ನಾಲ್ಕು ಮೆಟ್ಟಿಲು. ಆಸ್ಪತ್ರೆ, ವಿಚಾರಣಾಧೀನರ ಕೇಂದ್ರಗಳಂಥವು ಬೇರೆ. ಶಿಬಿರದಲ್ಲಿ ಬೇಲಿಯೇ ಇಲ್ಲದಿರಬಹುದು. ಕಡಿಮೆ ಭದ್ರತೆಯಲ್ಲಿ ಉದ್ದನೆಯ ಹಜಾರದಲ್ಲಿ ಮಂಚಗಳು. ಮಧ್ಯಮಕ್ಕೆ ಬಂದಾಗ ಎರಡು ಸುತ್ತಿನ ಬೇಲಿ, ಬೇಲಿಗೆ ಎಲೆಕ್ಟ್ರಾನಿಕ್ ಕಾವಲು, ಹೆಚ್ಚಾಗಿ ಇಬ್ಬರಿಗೊಂದು ಬೀಗದ ಕೋಣೆ.

ಯಾರು ಎಲ್ಲಿಗೆ ಎಂಬುದನ್ನು ನಿರ್ಧರಿಸುವುದು ನ್ಯಾಯಾಧೀಶರಲ್ಲ, ಇಲಾಖೆಯ ಅಂಕಪಟ್ಟಿ. ಅಪರಾಧದ ತೀವ್ರತೆ, ಹಿಂದಿನ ಪ್ರಕರಣಗಳು, ವಯಸ್ಸು, ಓದು, ವ್ಯಸನ ಎಲ್ಲಕ್ಕೂ ಅಂಕವಿದೆ. ಗಂಡಸರಿಗೆ 11ರವರೆಗೆ ಶಿಬಿರ, 12ರಿಂದ 15 ಕಡಿಮೆ, 16ರಿಂದ 23 ಮಧ್ಯಮ, 24 ಅಥವಾ ಹೆಚ್ಚಾದರೆ ಗರಿಷ್ಠ. ಅಂಕ ಕಡಿಮೆಯಿದ್ದರೂ 20 ವರ್ಷಕ್ಕಿಂತ ಹೆಚ್ಚು ಶಿಕ್ಷೆ ಉಳಿದಿದ್ದರೆ ಸಾಮಾನ್ಯವಾಗಿ ಮಧ್ಯಮಕ್ಕಿಂತ ಕೆಳಗೆ ಇಳಿಸುವುದಿಲ್ಲ. ಅಮೆರಿಕದ ಪ್ರಜೆಯಲ್ಲದೆ ಗಡೀಪಾರಿಗೆ ಗುರಿಯಾಗಬಹುದಾದವರಿಗೆ ಶಿಬಿರದ ಬಾಗಿಲು ಮುಚ್ಚಿದಂತೆಯೇ. ನಮ್ಮವರಿಗೆ ಇದು ಗೊತ್ತಿರುವುದಿಲ್ಲ.


ಸಹ್ಯಾದ್ರಿ (ಚಿಕಾಗೊ)

ಎಲ್ಲರ ಮೇಲೆ ಗೌರವವಿಟ್ಟೇ ಒಂದು ಮಾತು ಹೇಳುತ್ತೇನೆ. ಸೆರೆಮನೆಯಲ್ಲಿರುವವರ ಬಗ್ಗೆ ಬರೆಯುವಾಗ ಅವರಿಂದ ನೊಂದವರನ್ನು ಮರೆಯಬಾರದು. ನನ್ನ ಮಾವನವರು ಮೂವತ್ತು ವರ್ಷ ಕೂಡಿಟ್ಟ ಹಣವನ್ನು ಹೂಡಿಕೆಯ ಹೆಸರಿನಲ್ಲಿ ಒಬ್ಬ ನುಂಗಿದ. ಅವನಿಗೆ ಶಿಕ್ಷೆಯಾಯಿತು. ಹಣ ಬರಲಿಲ್ಲ, ಮಾವನವರ ನಿದ್ದೆಯೂ ಮರಳಲಿಲ್ಲ. ಬರ್ನಿ ಮೇಡಾಫ್ ನೆನಪಿದೆಯಲ್ಲವೇ? 2009ರಲ್ಲಿ 150 ವರ್ಷ ಶಿಕ್ಷೆಯಾಗಿ ನಾರ್ತ್ ಕ್ಯಾರೊಲಿನಾದ ಬಟ್ನರ್ ಎಂಬಲ್ಲಿ ಇಂಥದೇ ಮಧ್ಯಮ ಭದ್ರತೆಯ ಸೆರೆಮನೆಯಲ್ಲಿದ್ದ. 2020ರಲ್ಲಿ, ಸಾಯುವ ಕಾಲ ಬಂದಿದೆ, ಕನಿಕರದಿಂದ ಬಿಡಿ ಎಂದು ಕೇಳಿಕೊಂಡ. ನ್ಯಾಯಾಧೀಶರು ಒಪ್ಪಲಿಲ್ಲ. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಬಂದೀ ಆಸ್ಪತ್ರೆಯಲ್ಲೇ 82ನೇ ವಯಸ್ಸಿನಲ್ಲಿ ತೀರಿಕೊಂಡ. ಆ ತೀರ್ಪು ಸರಿಯೆಂದೇ ನನಗೆ ಅನಿಸಿತು, ಈಗಲೂ ಅನಿಸುತ್ತದೆ.


ಹೇಮಾವತಿ

ಮೂರು ದಿನ ಯೋಚಿಸಿ ಬರೆಯುತ್ತಿದ್ದೇನೆ. ಸಹ್ಯಾದ್ರಿಯವರೇ, ನಿಮ್ಮ ಮಾವನವರ ಮಾತು ಓದಿದ ಮೇಲೆ ಬರೆಯಬೇಕೋ ಬೇಡವೋ ಎಂದು ತಿಳಿಯಲಿಲ್ಲ. ನೀವು ಹೇಳಿದ್ದರಲ್ಲಿ ತಪ್ಪಿಲ್ಲ.

ನನ್ನ ತಮ್ಮ ಇಂಥ ಒಂದು ಸೆರೆಮನೆಯಲ್ಲಿದ್ದಾನೆ. ರೇ ಬ್ರೂಕ್ ಅಲ್ಲ, ಬೇರೆ, ಹೆಸರು ಬರೆಯುವುದಿಲ್ಲ. ಓದಲೆಂದು ಬಂದವನು, ಸಾಲ ಹೆಚ್ಚಾಯಿತು, ಯಾರೋ ಹೇಳಿದರೆಂದು ಬಾಡಿಗೆ ವ್ಯಾನಿನಲ್ಲಿ ಪೆಟ್ಟಿಗೆ ಸಾಗಿಸಿದ. ಒಳಗೆ ಏನಿದೆ ಎಂಬುದು ಎರಡನೇ ಸಲಕ್ಕೇ ಅವನಿಗೆ ಗೊತ್ತಿತ್ತು. ಹಾಗೆಂದು ಅವನೇ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಒಂಬತ್ತು ವರ್ಷ. ಅವನಿಗೀಗ 23. ತಪ್ಪು ಮಾಡಿಲ್ಲ ಎಂದು ನಾನು ವಾದಿಸುವುದಿಲ್ಲ. ಅವನು ಸಾಗಿಸಿದ ಆ ಪದಾರ್ಥ ಯಾರ ಮನೆಯ ಮಕ್ಕಳನ್ನು ತಿಂದಿತೋ ಎಂದು ನೆನೆದು ಎಷ್ಟೋ ರಾತ್ರಿ ಎದ್ದು ಕುಳಿತಿದ್ದೇನೆ.

ಹಿಮದೂರು ಅವರು ದಿನ ಹೇಗೆ ಕಳೆಯುತ್ತದೆ ಎಂದು ಕೇಳಿದ್ದಾರೆ. ಅವನು ಹೇಳಿದ್ದು, ಬರೆದದ್ದು ಇಷ್ಟು. ಎಣಿಕೆಯ ಸುತ್ತಲೇ ದಿನ ತಿರುಗುತ್ತದೆ. ನಡುರಾತ್ರಿ, ಮೂರು ಗಂಟೆ, ಐದು ಗಂಟೆಗೆ ಕಾವಲುಗಾರರು ಟಾರ್ಚ್ ಹಿಡಿದು ಎಣಿಸುತ್ತಾರೆ. ಸಂಜೆ ನಾಲ್ಕರ ಎಣಿಕೆಗೆ ಪ್ರತಿಯೊಬ್ಬರೂ ಎದ್ದು ನಿಂತಿರಬೇಕು. ಒಬ್ಬ ತಪ್ಪಿದರೂ ಮೊದಲಿನಿಂದ ಎಣಿಕೆ, ಅಲ್ಲಿಯವರೆಗೆ ಇಡೀ ಸೆರೆಮನೆಗೆ ಊಟವಿಲ್ಲ. ಮೊದಲ ವಾರ ಎಣಿಕೆಯ ಹೊತ್ತಿನಲ್ಲಿ ನಿದ್ದೆಹೋಗಿಬಿಟ್ಟಿದ್ದನಂತೆ. ಕೋಣೆಯ ಜೊತೆಗಾರ, ಅರವತ್ತು ದಾಟಿದ ಒಬ್ಬರು, ಎಬ್ಬಿಸಿ ನಿಲ್ಲಿಸಿದರಂತೆ. ಆ ಹಿರಿಯರು ಹದಿನೇಳು ವರ್ಷದಿಂದ ಒಳಗಿದ್ದಾರೆ. "ಅಕ್ಕ, ಅವರಿಗೆ ಯಾರಿಂದಲೂ ಪತ್ರ ಬರುವುದಿಲ್ಲ" ಎಂದು ತಮ್ಮ ಬರೆದಿದ್ದ.

ಫೋನಿನ ಕಷ್ಟ ಬೇರೆ. ಒಂದು ಕರೆಗೆ ಹದಿನೈದು ನಿಮಿಷ, ತಿಂಗಳಿಗೆ ಇಷ್ಟೇ ನಿಮಿಷ ಎಂದು ಮಿತಿ. ಅಮ್ಮ ಹಾಸನದ ಹತ್ತಿರದ ಹಳ್ಳಿಯಲ್ಲಿದ್ದಾರೆ. ಅವನಿಗೆ ಸಂಜೆ ಬಿಡುವಾದಾಗ ಅಲ್ಲಿ ಬೆಳಗಿನ ಜಾವ ಮೂರೂವರೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಓಡಿಹೋಗಿ ಸಾಲಿನಲ್ಲಿ ನಿಂತರೆ ಅಮ್ಮನಿಗೆ ದೀಪ ಹಚ್ಚುವ ಹೊತ್ತು. ಕರೆಯ ಆರಂಭದಲ್ಲಿ, ಇದು ಫೆಡರಲ್ ಸೆರೆಮನೆಯಿಂದ ಬಂದ ಕರೆ ಎಂದು ಇಂಗ್ಲಿಷಿನಲ್ಲಿ ಯಂತ್ರದ ಧ್ವನಿ ಹೇಳುತ್ತದೆ, ಸ್ವೀಕರಿಸಲು ಒಂದು ಅಂಕಿ ಒತ್ತಬೇಕು. ಅಮ್ಮ ಅದನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಇ-ಮೇಲ್ ಇದೆ, ಆದರೆ ಅವನ ಕೀಲಿಮಣೆಯಲ್ಲಿ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಅಮ್ಮನಿಗೆ ನಾನು ಓದಿ ಹೇಳುತ್ತೇನೆ.

ಈಗ ನನ್ನ ಪ್ರಶ್ನೆ. ಅವನು ಕೇಳಿದ್ದು ಒಂದೇ, ಕನ್ನಡ ಪುಸ್ತಕ. ಒಳಗೆ ಕನ್ನಡದ ಒಂದು ಅಕ್ಷರವೂ ಕಣ್ಣಿಗೆ ಬೀಳುವುದಿಲ್ಲ ಎನ್ನುತ್ತಾನೆ. ಅಮ್ಮ ಎರಡು ಕಾದಂಬರಿ ತೆಗೆದುಕೊಂಡು, ಅಂಚೆ ಕಚೇರಿಗೆ ಹೋಗಿ, ಸಾವಿರಾರು ರೂಪಾಯಿ ಕೊಟ್ಟು ಕಳುಹಿಸಿದರು. ಎರಡು ತಿಂಗಳ ಮೇಲೆ ಕಟ್ಟು ಬಿಚ್ಚದೆ ವಾಪಸ್ ಬಂತು. ನಾನು ನನ್ನ ಬಳಿ ಇದ್ದ ಒಂದನ್ನು ಕಳುಹಿಸಿದೆ, ಅದೂ ಮರಳಿತು. ಪುಸ್ತಕದಲ್ಲಿ ತಪ್ಪೇನಿದೆ?


ನ್ಯೂಜೆರ್ಸಿ ವಕೀಲ

ಹೇಮಾವತಿಯವರೇ, ಬರೆದದ್ದಕ್ಕೆ ಕೃತಜ್ಞತೆ. ತಪ್ಪು ಪುಸ್ತಕದಲ್ಲಿಲ್ಲ, ಕಳುಹಿಸಿದವರ ವಿಳಾಸದಲ್ಲಿದೆ. ಫೆಡರಲ್ ನಿಯಮದ ಪ್ರಕಾರ ಗಟ್ಟಿ ರಟ್ಟಿನ ಪುಸ್ತಕ ಯಾವ ಸೆರೆಮನೆಗಾದರೂ ಪ್ರಕಾಶಕರಿಂದ, ಪುಸ್ತಕ ಕ್ಲಬ್‌ನಿಂದ ಅಥವಾ ಪುಸ್ತಕದ ಅಂಗಡಿಯಿಂದ ನೇರವಾಗಿ ಬರಬೇಕು. ತೆಳು ರಟ್ಟಿನ ಪುಸ್ತಕವನ್ನು ಶಿಬಿರಕ್ಕೆ ಮತ್ತು ಕಡಿಮೆ ಭದ್ರತೆಯ ಸೆರೆಮನೆಗೆ ಯಾರು ಬೇಕಾದರೂ ಕಳುಹಿಸಬಹುದು. ಮಧ್ಯಮದಿಂದ ಮೇಲಕ್ಕೆ ಅದಕ್ಕೂ ಅಂಗಡಿ ಅಥವಾ ಪ್ರಕಾಶಕರೇ ಬೇಕು. ಪುಟಗಳ ನಡುವೆ, ಬೆನ್ನಿನ ಅಂಟಿನಲ್ಲಿ ಮಾದಕ ವಸ್ತು ಅಡಗಿಸಿ ಕಳುಹಿಸಿದ ಉದಾಹರಣೆಗಳಿರುವುದರಿಂದ ಈ ಬಿಗಿ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ ನನ್ನದು. 23 ವಯಸ್ಸು, ಮೊದಲ ಅಪರಾಧ, ಒಂಬತ್ತು ವರ್ಷ. ಅವನು ಮಧ್ಯಮದಲ್ಲಿ ಏಕಿದ್ದಾನೆ? ಅಂಕಗಳ ಕಾಗದ ನೋಡಿದ್ದೀರಾ?


ಹೇಮಾವತಿ

ನೋಡಿರಲಿಲ್ಲ. ನಿನ್ನೆ ಕರೆಯಲ್ಲಿ ಕೇಳಿದೆ, ಓದಿ ಹೇಳಿದ. ಒಟ್ಟು 16. ಅಪರಾಧಕ್ಕೆ 5, ವಯಸ್ಸಿಗೆ 8, ವ್ಯಸನಕ್ಕೆ 1, ಓದಿಗೆ 2. ಓದಿಗೆ ಏಕೆ ಎರಡು ಎಂದು ಅವನಿಗೂ ಗೊತ್ತಿಲ್ಲ. ಪಿಯುಸಿಯಲ್ಲಿ ಶೇಕಡ 88 ತೆಗೆದ ಹುಡುಗ ಅವನು.


ನ್ಯೂಜೆರ್ಸಿ ವಕೀಲ

ಅಲ್ಲೇ ಇದೆ. ಆ ಎರಡು ಅಂಕ ಬಂದಿರುವುದು ಅವನು ಓದಿಲ್ಲವೆಂದಲ್ಲ, ಓದಿದ್ದಕ್ಕೆ ಅವರ ಕಡತದಲ್ಲಿ ಪುರಾವೆಯಿಲ್ಲವೆಂದು. ಪ್ರೌಢಶಿಕ್ಷಣ ಮುಗಿಸಿದ್ದು ದೃಢಪಟ್ಟರೆ ಸೊನ್ನೆ, ಒಳಗೆ ಅದಕ್ಕಾಗಿ ತರಗತಿಗೆ ಹೋಗುತ್ತಿದ್ದರೆ ಒಂದು, ಎರಡೂ ಇಲ್ಲದಿದ್ದರೆ ಎರಡು. ವಯಸ್ಸಿನದೂ ಕೇಳಿ: 24 ಮತ್ತು ಅದಕ್ಕಿಂತ ಕಿರಿಯರಿಗೆ ಎಂಟು, 25ರಿಂದ 35ಕ್ಕೆ ನಾಲ್ಕು. ಹುಡುಗುತನಕ್ಕೆ ಇಷ್ಟು ಅಂಕವಿರುವುದು ಕಿರಿಯರು ಹೆಚ್ಚು ಜಗಳಕ್ಕೆ ಬೀಳುತ್ತಾರೆ ಎಂಬ ಲೆಕ್ಕದಿಂದ.

ಮಧ್ಯಮ ಆರಂಭವಾಗುವುದೇ 16ಕ್ಕೆ. ಅವನು ಹೊಸ್ತಿಲ ಮೇಲಿದ್ದಾನೆ. ಹತ್ತನೇ ತರಗತಿ, ಪಿಯುಸಿ ಎರಡರ ಅಂಕಪಟ್ಟಿಗಳ ದೃಢೀಕೃತ ಪ್ರತಿಗಳನ್ನು ತರಿಸಿ. ಕನ್ನಡದಲ್ಲಿರುವುದಕ್ಕೆ ಇಂಗ್ಲಿಷ್ ಅನುವಾದ ಸೇರಿಸಿ. ಅಲ್ಲಿನ ಶಿಕ್ಷಣ ವಿಭಾಗಕ್ಕೆ ಯಾವ ರೂಪದಲ್ಲಿ ಬೇಕು ಎಂಬುದನ್ನು ಅವನೇ ಮೊದಲು ಕೇಳಿ ತಿಳಿಯಲಿ. ವಿದೇಶದ ಶಿಕ್ಷಣವನ್ನು ಮೌಲ್ಯಮಾಪನ ಮಾಡಿಸಿ ಕೊಡಿ ಎನ್ನಬಹುದು. ಆರು ತಿಂಗಳಿಗೊಮ್ಮೆ ಅವನ ಪ್ರಕರಣ ನೋಡಿಕೊಳ್ಳುವ ತಂಡ ಅವನೊಂದಿಗೆ ಸಭೆ ನಡೆಸುತ್ತದೆ. ಆ ಸಭೆಗೆ ಮುಂಚೆ ಕಾಗದ ಕಡತದಲ್ಲಿರಬೇಕು. ಅಂಕ ಇಳಿದ ಮರುದಿನವೇ ವರ್ಗಾವಣೆಯಾಗುತ್ತದೆ ಎಂದು ಮಾತ್ರ ಅಮ್ಮನಿಗೆ ಹೇಳಬೇಡಿ. ನಡತೆ, ಜಾಗ, ಅಧಿಕಾರಿಯ ತೀರ್ಮಾನ ಎಲ್ಲವೂ ಸೇರುತ್ತವೆ.


ಕಪಿಲಾ (ಅಟ್ಲಾಂಟಾ ಸಮೀಪ)

ನಾಲ್ಕು ವರ್ಷದಿಂದ ತಿಂಗಳಿಗೊಮ್ಮೆ ಒಂದು ಮಧ್ಯಮ ಭದ್ರತೆಯ ಸೆರೆಮನೆಗೆ ಸ್ವಯಂಸೇವಕನಾಗಿ ಹೋಗುತ್ತೇನೆ. ಪ್ರಾರ್ಥನಾ ಮಂದಿರದ ವಿಭಾಗದ ಅನುಮತಿ ಪಡೆದು ಹಿಂದೂ ಕೈದಿಗಳೊಂದಿಗೆ ಒಂದು ಗಂಟೆ ಕುಳಿತುಕೊಳ್ಳುವುದು ನನ್ನ ಕೆಲಸ. ಕೆಲವೊಮ್ಮೆ ಆರು ಜನ, ಕೆಲವೊಮ್ಮೆ ಇಬ್ಬರು.

ಕಡಿಮೆ ಮತ್ತು ಮಧ್ಯಮದ ವ್ಯತ್ಯಾಸ ಬೇಲಿಗಿಂತ ಹೆಚ್ಚಾಗಿ ನಡೆದಾಟದಲ್ಲಿ ಕಾಣುತ್ತದೆ. ಗಂಟೆಗೊಮ್ಮೆ ಹತ್ತು ನಿಮಿಷ ಬಾಗಿಲು ತೆರೆಯುತ್ತದೆ. ಅಷ್ಟರಲ್ಲಿ ಗ್ರಂಥಾಲಯಕ್ಕೋ ಕೆಲಸಕ್ಕೋ ಆಸ್ಪತ್ರೆಗೋ ಹೋಗಿ ಸೇರಬೇಕು. ಆಮೇಲೆ ಎಲ್ಲಿದ್ದೀರೋ ಅಲ್ಲೇ ಮುಂದಿನ ಗಂಟೆಯವರೆಗೆ. ಮಂಜು ಕವಿದರೆ ಬೇಲಿ ಕಾಣುವುದಿಲ್ಲವೆಂದು ಹೊರಗೇ ಬಿಡುವುದಿಲ್ಲ. ಸಿಬ್ಬಂದಿಯ ಕೊರತೆ ವಿಪರೀತ. ಪಾಠ ಹೇಳುವ ಮೇಷ್ಟ್ರು, ಅಡುಗೆಯ ಮೇಲ್ವಿಚಾರಕ, ನರ್ಸ್ ಎಲ್ಲರನ್ನೂ ಕಾವಲಿಗೆ ನಿಲ್ಲಿಸುತ್ತಾರೆ, ಅಂದು ತರಗತಿಯಿಲ್ಲ. ಎರಡು ಗಂಟೆ ಕಾರು ಓಡಿಸಿಕೊಂಡು ಹೋಗಿ ಬಾಗಿಲಿನಿಂದ ಹಿಂತಿರುಗಿದ ದಿನಗಳು ನನಗೂ ಬಹಳ. ಹಾಗೆ ಹಿಂತಿರುಗುವಾಗ ಒಳಗೆ ಕಾಯುತ್ತಿರುವವರ ಮುಖ ನೆನಪಾಗುತ್ತದೆ.

ಕೈದಿಗಳು ತಮ್ಮ ಗುಂಪನ್ನು 'ಕಾರು' ಎನ್ನುತ್ತಾರೆ. ಊರು, ರಾಜ್ಯ, ಜನಾಂಗದ ಮೇಲೆ ಕಾರು. ಊಟದ ಮನೆಯಲ್ಲಿ ಯಾವ ಮೇಜು ಯಾರದು ಎಂಬುದು ಅದರ ಮೇಲೆಯೇ. ಹೊಸಬ ಬಂದರೆ ಅವನ ಪ್ರಕರಣದ ಕಾಗದ ತೋರಿಸು ಎಂದು ಕೇಳುತ್ತಾರೆ. ಪೊಲೀಸರಿಗೆ ಸುಳಿವು ಕೊಟ್ಟವನೋ, ಮಕ್ಕಳ ಮೇಲೆ ಕೈಮಾಡಿದವನೋ ಎಂದು ನೋಡಲು. ಭಾರತೀಯರು ಬೆರಳೆಣಿಕೆಯಷ್ಟಿರುವುದರಿಂದ ಯಾವ ಕಾರಿಗೂ ಸೇರದೆ ಒಂಟಿಯಾಗುತ್ತಾರೆ. ಹೇಮಾವತಿ, ನಿಮ್ಮ ತಮ್ಮನಿಗೆ ಕೋಣೆಯ ಹಿರಿಯರ ಆಸರೆ ಸಿಕ್ಕಿದ್ದು ಭಾಗ್ಯವೆಂದೇ ತಿಳಿಯಿರಿ. ಒಂದು ಕಿವಿಮಾತು ಹೇಳಿ: ಜೂಜಾಡಬಾರದು, ಸಾಲ ಮಾಡಬಾರದು, ಇನ್ನೊಬ್ಬರ ಕೋಣೆಯೊಳಗೆ ಇಣುಕಬಾರದು. ಒಳಗಿನ ಹೊಡೆದಾಟಗಳಲ್ಲಿ ಬಹುಪಾಲು ಇಂಥದರಿಂದಲೇ ಶುರುವಾಗುತ್ತವೆ ಎಂದು ಹತ್ತಾರು ಕೈದಿಗಳ ಬಾಯಿಂದ ಕೇಳಿದ್ದೇನೆ.

ಕೂಲಿಯ ವಿಷಯ ನನಗೆ ಹೊಟ್ಟೆಯುರಿಸುತ್ತದೆ. ನೆಲ ಒರೆಸುವ, ಪಾತ್ರೆ ತೊಳೆಯುವ ಕೆಲಸಕ್ಕೆ ಗಂಟೆಗೆ 12ರಿಂದ 40 ಸೆಂಟ್. ಯೂನಿಕಾರ್ ಎಂಬ ಸರ್ಕಾರಿ ಕಾರ್ಖಾನೆಯಲ್ಲಿ 23 ಸೆಂಟ್‌ನಿಂದ 1.15 ಡಾಲರ್; ಅದಕ್ಕೆ ಕಾಯುವ ಪಟ್ಟಿಯೇ ಉದ್ದ. ಅದರಲ್ಲೇ ನ್ಯಾಯಾಲಯ ವಿಧಿಸಿದ ದಂಡ, ಸಂತ್ರಸ್ತರ ಪರಿಹಾರದ ಕಂತು ಕಡಿತ. 2004ರಲ್ಲಿ ಸಿಗರೇಟು ನಿಷೇಧವಾದ ಮೇಲೆ ಬಂಗುಡೆ ಮೀನಿನ ಪೊಟ್ಟಣವೇ ಒಳಗಿನ ನಾಣ್ಯವಾಯಿತು. ತಿನ್ನುವವರು ಕಡಿಮೆ, ಬೆಲೆ ಸುಮಾರು ಒಂದು ಡಾಲರ್, ಕೆಡುವುದೂ ಇಲ್ಲ. ಕೂದಲು ಕತ್ತರಿಸಲು ಎರಡು ಮೀನು, ಬಟ್ಟೆ ಒಗೆಯಲು ಒಂದು. ನನ್ನ ಗುಂಪಿನಲ್ಲಿದ್ದ ಗುಜರಾತಿನ ಒಬ್ಬ ಹಿರಿಯರು ಜೀವನದಲ್ಲಿ ಮೀನು ಮುಟ್ಟಿದವರಲ್ಲ. ಅವರ ಪೆಟ್ಟಿಗೆಯ ತುಂಬ ಬಂಗುಡೆ ಪೊಟ್ಟಣಗಳಿದ್ದವು. ಒಂದಿಬ್ಬರ ಅರ್ಜಿಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟು ಗಳಿಸಿದ್ದು. ಅದರಿಂದಲೇ ಅಕ್ಕಿ, ಕಡಲೆಬೀಜದ ಬೆಣ್ಣೆ ಪಡೆದು ಸಸ್ಯಾಹಾರ ನಡೆಸುತ್ತಿದ್ದರು. ಊಟದ ಮನೆಯಲ್ಲಿ ಮಾಂಸವಿಲ್ಲದ ತಟ್ಟೆ ಕೇಳಿದರೆ ಕೊಡುತ್ತಾರೆ. ಬಹುತೇಕ ಹುರುಳಿಕಾಯಿ ಬೀಜ, ಸೋಯಾ.


ಸಹ್ಯಾದ್ರಿ (ಚಿಕಾಗೊ)

ಹೇಮಾವತಿಯವರೇ, ನನ್ನ ಮಾತು ನಿಮಗೆ ನೋವು ಕೊಟ್ಟಿದ್ದರೆ ಕ್ಷಮಿಸಿ. ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಎಣಿಕೆಯಲ್ಲಿ ನಿಲ್ಲಿಸಿದ ಆ ಹಿರಿಯರ ಮಾತನ್ನು ನನ್ನ ಮನೆಯವರಿಗೂ ಓದಿ ಹೇಳಿದೆ. ಒಂಬತ್ತು ವರ್ಷವೆಂದರೆ ಒಂಬತ್ತೂ ಆಗುತ್ತದೆಯೇ? ಪೆರೋಲ್ ಇಲ್ಲವೇ?


ನ್ಯೂಜೆರ್ಸಿ ವಕೀಲ

ಫೆಡರಲ್ ಪ್ರಕರಣಗಳಲ್ಲಿ ಪೆರೋಲ್ 1987ರ ನವೆಂಬರ್‌ನಿಂದ ಇಲ್ಲ. ನಡತೆ ಚೆನ್ನಾಗಿದ್ದರೆ ವರ್ಷಕ್ಕೆ 54 ದಿನದ ರಿಯಾಯಿತಿ. ಒಂಬತ್ತು ವರ್ಷಕ್ಕೆ 486 ದಿನ, ಅಂದರೆ ಸುಮಾರು ಒಂದು ವರ್ಷ ನಾಲ್ಕು ತಿಂಗಳು ಕಡಿಮೆ. 2018ರ 'ಫಸ್ಟ್ ಸ್ಟೆಪ್' ಕಾಯ್ದೆ ತರಗತಿ, ಕೆಲಸಗಳಿಗೆ ಇನ್ನಷ್ಟು ದಿನಗಳನ್ನು ಕೊಟ್ಟಿತು. ಆದರೆ ಗಡೀಪಾರಿನ ಅಂತಿಮ ಆದೇಶವಾದವರು ಆ ದಿನಗಳನ್ನು ಬಿಡುಗಡೆಗೆ ಬಳಸುವಂತಿಲ್ಲ. ಅದೇ ಕಾಯ್ದೆ, ಸಾಧ್ಯವಾದಷ್ಟೂ ಮನೆಯಿಂದ 500 ಮೈಲಿಯೊಳಗೆ ಇಡಬೇಕು ಎಂದಿದೆ. ಮನೆ ಹಾಸನದಲ್ಲಿರುವವನಿಗೆ ಆ ಸಾಲು ನೆರವಾಗುವುದಿಲ್ಲ.

ಹಾಸನದ ದಾರಿ ಬೇರೆಯಿದೆ. ಭಾರತದಲ್ಲಿ 2003ರ ಕೈದಿಗಳ ಸ್ವದೇಶ ವಾಪಸಾತಿ ಕಾಯ್ದೆ ಇದೆ. ವಿದೇಶದಲ್ಲಿ ಶಿಕ್ಷೆ ಅನುಭವಿಸುವ ಬಗೆಗಿನ ಅಮೆರಿಕ ಖಂಡಗಳ ಒಪ್ಪಂದಕ್ಕೆ ಭಾರತವೂ ಸೇರಿದೆ, ಅಮೆರಿಕವೂ ಅದರಲ್ಲಿದೆ. ಮೇಲ್ಮನವಿ ಬಾಕಿಯಿರಬಾರದು, ಕನಿಷ್ಠ ಆರು ತಿಂಗಳ ಶಿಕ್ಷೆ ಉಳಿದಿರಬೇಕು, ಕೈದಿಯ ಒಪ್ಪಿಗೆ ಬೇಕು, ಎರಡೂ ಸರ್ಕಾರಗಳು ಒಪ್ಪಬೇಕು. ಉಳಿದ ಶಿಕ್ಷೆಯನ್ನು ನಮ್ಮಲ್ಲಿನ ಸೆರೆಮನೆಯಲ್ಲಿ ಕಳೆಯಬಹುದು. ಅರ್ಜಿಯನ್ನು ಅವನು ತನ್ನ ಕೇಸ್ ಮ್ಯಾನೇಜರ್ ಮೂಲಕ ಹಾಕಬೇಕು. ವರ್ಷಗಟ್ಟಲೆ ಹಿಡಿಯಬಹುದು. ಬೇಕೋ ಬೇಡವೋ ಎಂಬುದನ್ನು ಅವನೇ ತೀರ್ಮಾನಿಸಲಿ. ನಿಮ್ಮ ಭಾಗದ ಭಾರತೀಯ ದೂತಾವಾಸಕ್ಕೆ ಪತ್ರ ಬರೆದಿಡಿ. ಅಧಿಕಾರಿಗಳು ಸೆರೆಮನೆಗೆ ಹೋಗಿ ಭೇಟಿ ಮಾಡುವ ಹಕ್ಕು 1963ರ ವಿಯೆನ್ನಾ ಒಪ್ಪಂದದಲ್ಲೇ ಇದೆ.


ಗುಲಾಬಿ ನಗರಿ (ಪೋರ್ಟ್‌ಲ್ಯಾಂಡ್)

ಭಾರತೀಯರು ಬೆರಳೆಣಿಕೆ ಎಂದು ಕಪಿಲಾ ಅವರು ಬರೆದದ್ದು ನಿಜ. ಆದರೆ 2018ರ ಬೇಸಿಗೆಯಲ್ಲಿ ನಮ್ಮ ಒರೆಗಾನ್‌ನ ಷೆರಿಡನ್ ಫೆಡರಲ್ ಸೆರೆಮನೆಗೆ ಸುಮಾರು 120 ಆಶ್ರಯಾಕಾಂಕ್ಷಿಗಳನ್ನು ತಂದು ಕೂಡಿದ್ದರು. ಅವರಲ್ಲಿ 50ಕ್ಕೂ ಹೆಚ್ಚು ಮಂದಿ ಭಾರತೀಯರು, ಬಹಳಷ್ಟು ಸಿಖ್ಖರು. ಅವರು ಶಿಕ್ಷೆಯಾದ ಕೈದಿಗಳೇ ಅಲ್ಲ. ಪೇಟ ಕಟ್ಟಲು ಬಟ್ಟೆ ಸಿಗಲಿಲ್ಲ, ಭಾಷೆ ಬಲ್ಲವರು ಸಿಗಲಿಲ್ಲ, ವಕೀಲರನ್ನೂ ಮೊದಲಿಗೆ ಒಳಗೆ ಬಿಡಲಿಲ್ಲ ಎಂದು ಆಗ ವರದಿಗಳು ಬಂದವು. ಜೂನ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಆದೇಶ ಕೊಟ್ಟ ಮೇಲೆ ವಕೀಲರು ಒಳಹೋದರು. ಆಗಸ್ಟ್‌ನಿಂದ ಒಬ್ಬೊಬ್ಬರಾಗಿ ಹೊರಬಂದರು. ಇಲ್ಲಿನ ಪಂಜಾಬಿ ಮನೆಗಳು ಅವರಿಗೆ ರೊಟ್ಟಿ, ಹಾಸಿಗೆ ಕೊಟ್ಟವು. ನಮ್ಮವರಿಗೆ ಅಂಥ ಹೊತ್ತು ಬಂದರೆ ಕನ್ನಡ ಸಂಘಗಳು ಬಾಗಿಲು ತೆರೆಯುತ್ತವೆಯೇ ಎಂದು ನಾನು ಆಗಿನಿಂದ ಕೇಳುತ್ತಿದ್ದೇನೆ.


ನಿವೃತ್ತ ಮೇಷ್ಟ್ರು (ಬೆಂಗಳೂರು)

ಹೇಮಾವತಿ, ಮಗಳೇ, ನಾನು ಬಸವನಗುಡಿಯಲ್ಲಿರುವವನು. ಗಾಂಧಿ ಬಜಾರಿನ ಪುಸ್ತಕದ ಅಂಗಡಿ ನನಗೆ ನಲವತ್ತು ವರ್ಷದ ಪರಿಚಯ. ಇಂದು ಬೆಳಿಗ್ಗೆ ಹೋಗಿ ಎಲ್ಲ ಹೇಳಿದೆ. ವಿದೇಶಕ್ಕೆ ಅವರೇ ಅಂಚೆಯಲ್ಲಿ ಕಳುಹಿಸುತ್ತಾರೆ. ಅಂಗಡಿಯ ಹೆಸರು, ಮುದ್ರೆ, ಇಂಗ್ಲಿಷಿನಲ್ಲಿ ಬಿಲ್ ಎಲ್ಲ ಇರುತ್ತದೆ. ಹುಡುಗನಿಗೆ ಏನು ಇಷ್ಟ? ಮಲೆನಾಡಿನ ಕಥೆಯೋ, ಪತ್ತೇದಾರಿಯೋ, ಕವಿತೆಯೋ? ಹಣದ ಮಾತು ಎತ್ತಬೇಡ.


ಹೇಮಾವತಿ

ಮೇಷ್ಟ್ರೇ, ಓದುತ್ತ ಕಣ್ಣು ತುಂಬಿತು. ಅವನಿಗೆ ಕಾಡಿನ ಕಥೆಗಳು ಇಷ್ಟ. ತೆಳು ರಟ್ಟಿನದೇ ಇರಲಿ. ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕಳುಹಿಸುತ್ತೇನೆ.


ಕಪಿಲಾ (ಅಟ್ಲಾಂಟಾ ಸಮೀಪ)

ಮೇಷ್ಟ್ರೇ, ಹೊದಿಕೆಯ ಮೇಲೆ ಪೂರ್ಣ ಹೆಸರಿನೊಂದಿಗೆ ಎಂಟಂಕಿಯ ಕೈದಿ ಸಂಖ್ಯೆ ಇರಲೇಬೇಕು. ಐದು ಅಂಕಿ, ಅಡ್ಡಗೆರೆ, ಮೂರು ಅಂಕಿ. ಕೊನೆಯ ಮೂರು ಅವನನ್ನು ಮೊದಲು ದಾಖಲಿಸಿಕೊಂಡ ಜಿಲ್ಲೆಯ ಗುರುತು. ಸಂಖ್ಯೆಯಿಲ್ಲದಿದ್ದರೆ ಬಾಗಿಲಲ್ಲೇ ನಿಲ್ಲುತ್ತದೆ. ಒಳಗೆ ಚೀಟಿ, ಹೂವು, ಕುಂಕುಮ, ಪಂಚಾಂಗದ ಹಾಳೆ ಏನೂ ಇಡಬೇಡಿ. ಎರಡೇ ಪುಸ್ತಕ ಸಾಕು.


ಹಿಮದೂರು (ಅಲ್ಬನಿ)

ಮಗಳಿಗೆ ಈ ಎಳೆಯನ್ನು ಓದಿ ಹೇಳುತ್ತಿದ್ದೇನೆ. "ಪತ್ರ ಬಾರದ ಆ ಅಜ್ಜನಿಗೆ ನಾನು ಬರೆಯಬಹುದೇ?" ಎಂದು ಕೇಳಿದಳು. ಮಗುವಿನ ಹೆಸರು, ಮನೆಯ ವಿಳಾಸ ಕೊಡುವುದು ಬೇಡವೆನಿಸಿತು. ನನ್ನ ಹೆಸರಿನಲ್ಲಿ ಅಂಚೆಪೆಟ್ಟಿಗೆಯ ವಿಳಾಸದಿಂದ ಬರೆಯುವುದೆಂದು ನಿರ್ಧರಿಸಿದ್ದೇವೆ. ಹೇಮಾವತಿಯವರೇ, ಆ ಹಿರಿಯರ ಒಪ್ಪಿಗೆಯನ್ನು ನಿಮ್ಮ ತಮ್ಮನ ಮೂಲಕ ಕೇಳಿ ತಿಳಿಸುವಿರಾ?


ಹೇಮಾವತಿ

ಏಳು ವಾರದ ಮೇಲೆ ಬರೆಯುತ್ತಿದ್ದೇನೆ. ಪುಸ್ತಕಗಳು ತಲುಪಿವೆ. ಕಟ್ಟನ್ನು ಅಂಚೆ ಕೋಣೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡಿದ್ದರಂತೆ. ಇದು ಯಾವ ಭಾಷೆ, ಇದರಲ್ಲಿ ಏನಿದೆ ಎಂದು ಒಬ್ಬ ಅಧಿಕಾರಿ ಕರೆದು ಕೇಳಿದರು. ತಮ್ಮ ಮೊದಲ ಪುಟವನ್ನು ಅವರೆದುರೇ ಇಂಗ್ಲಿಷಿಗೆ ತಿರುಗಿಸಿ ಹೇಳಿದ. ಮುಂದೇನಾಯಿತು ಎಂದು ಅವರು ಕೇಳಿದರಂತೆ. ಈಗ ನಾಲ್ಕರ ಎಣಿಕೆ ಮುಗಿದ ಮೇಲೆ ಕೋಣೆಯ ಹಿರಿಯರಿಗೂ ಎರಡು ಪುಟ ಅನುವಾದ ಮಾಡಿ ಹೇಳುತ್ತಾನೆ. ಹಿಮದೂರು ಅವರ ಮಗಳ ಪತ್ರಕ್ಕೆ ಅವರು ಒಪ್ಪಿದ್ದಾರೆ. ಬಿಳಿ ಹಾಳೆ, ಬಿಳಿ ಲಕೋಟೆಯೇ ಇರಲಿ, ಬಣ್ಣದ ಪೆನ್ಸಿಲ್, ಅಂಟುಚಿತ್ರ ಬೇಡ. ಮೂಲ ಪತ್ರ ಕೈಗೆ ಸಿಗುವುದಿಲ್ಲ, ನಕಲು ತೆಗೆದು ಕೊಡುತ್ತಾರೆ.

ಅಂಕಪಟ್ಟಿಯನ್ನು ಅಮ್ಮ ಕಾಲೇಜಿನಿಂದ ತಾವೇ ತಂದರು. ಅನುವಾದ ಸೇರಿಸಿ ಕಳುಹಿಸಿದ್ದೇವೆ, ಶಿಕ್ಷಣ ವಿಭಾಗದಿಂದ ಉತ್ತರ ಬಂದಿಲ್ಲ. ಸಭೆ ಮುಂದಿನ ತಿಂಗಳು.

ಮೇಷ್ಟ್ರೇ, ಇನ್ನೊಂದು ಮಾತು. ಅದೇ ಬ್ಲಾಕಿನಲ್ಲಿ ಗುಂಟೂರು ಕಡೆಯ ಒಬ್ಬರಿದ್ದಾರೆ, ಕನ್ನಡ ಪುಸ್ತಕ ನೋಡಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರಂತೆ. ತೆಲುಗಿನದು ಸಿಗುತ್ತದೆಯೇ ಎಂದು ಕೇಳಿದ್ದಾರೆ.


ನಿವೃತ್ತ ಮೇಷ್ಟ್ರು (ಬೆಂಗಳೂರು)

ವಿಜಯವಾಡದಲ್ಲಿ ನನ್ನ ಹಳೆಯ ಶಿಷ್ಯನಿದ್ದಾನೆ. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ. ಅವರ ಸಂಖ್ಯೆ ಕಳುಹಿಸು, ಎಂಟೂ ಅಂಕಿ.